ಇರುವೆಗಳ ಸಂಘವೂ ನಮ್ಮ ಸಂಘವೂ



ಈ ಸಲದ ವಾರ್ಷಿಕ ಮಹಾಸಭೆಗೆ ಮುಖ್ಯ ಅತಿಥಿಗಳಾಗಿ ಬಂದಿದ್ದವರು ಭಾಷಣದ ಕೊನೆಯಲ್ಲಿ ನಮಗೆಲ್ಲ ಒಂದು ಬುದ್ಧಿಮಾತು ಹೇಳಿದರು. ಇರುವೆಗಳನ್ನು ನೋಡಿ ಕಲಿಯಿರಿ, ಅವು ರಾಣಿಯ ಆಜ್ಞೆಯನ್ನು ಶಿರಸಾವಹಿಸಿ, ಒಂದೂ ಮೈಗಳ್ಳತನ ಮಾಡದೆ, ಶಿಸ್ತಿನಿಂದ ಸಾಲುಗಟ್ಟಿ ದುಡಿಯುತ್ತವೆ, ಸಹಕಾರವೆಂದರೆ ಅದು, ಎಂದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮನೆಗೆ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕುಳಿತು ಯೋಚಿಸಿದಾಗ, ಆ ಮಾತಿನಲ್ಲಿ ನಿಜವಾದದ್ದು ಸಾಲು ಒಂದೇ ಎನ್ನಿಸಿತು. ಇರುವೆಗಳಿಗೆ ಆಜ್ಞೆ ಮಾಡುವವರು ಯಾರೂ ಇಲ್ಲ. ಮೈಗಳ್ಳ ಇರುವೆಗಳು ಬೇಕಾದಷ್ಟಿವೆ. ಇನ್ನು ಅವುಗಳ ಸಹಕಾರವೋ, ನಮ್ಮ ಕಾಫಿ ತೋಟದ ಮಟ್ಟಿಗೆ ಅದು ಬಹುಪಾಲು ನಮ್ಮ ವೈರಿಗಳ ಜೊತೆಗೇ ನಡೆದಿದೆ. ಅತಿಥಿಗಳನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ತಪ್ಪು ಪಾಠ ಕಲಿತರೆ ನಷ್ಟ ನಮಗೇ ಆಗುವುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮಲೆನಾಡಿನಲ್ಲಲ್ಲ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಾಸ್ತರಿಕೆಗೆಂದು ಈ ಕಡೆ ಬಂದವನು ಇಲ್ಲಿಯೇ ಮದುವೆಯಾಗಿ, ಮೂರು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆಗೆ ಒಡೆಯನಾಗಿ, ಮಳೆಗೆ ಒಗ್ಗಿಕೊಂಡವನು. ರೋಣ, ನರಗುಂದದ ಕಪ್ಪು ಎರಿ ಭೂಮಿಯನ್ನು, ಗಜೇಂದ್ರಗಡದ ಗುಡ್ಡದ ಮಸಾರಿ ನೆಲವನ್ನು ಕಂಡವರಿಗೆ ಗೊತ್ತು, ಅಲ್ಲಿ ನೆರಳೆಂಬುದು ಊರ ಮುಂದಿನ ಬೇವಿನ ಮರಕ್ಕೆ ಮುಗಿಯಿತು. ಇರುವೆಗಳನ್ನು ನೋಡುವುದಕ್ಕೆ ಅಂಥ ಬಯಲೇ ಲೇಸು. ಇಲ್ಲಿ ತರಗೆಲೆಯ ಅಡಿಯಲ್ಲಿ ನಡೆಯುವ ಸಂಸಾರವೆಲ್ಲ ಅಲ್ಲಿ ಬಟಾಬಯಲಿನಲ್ಲಿ ನಡೆಯುತ್ತದೆ.

ಸುಗ್ಗಿಯ ಕಾಲಕ್ಕೆ ಕಣದಿಂದ ಹೊರಟ ಇರುವೆಯ ಸಾಲು ಬದುವಿನವರೆಗೆ, ಕೆಲವೊಮ್ಮೆ ಬದು ದಾಟಿಯೂ ಹೋಗುತ್ತಿತ್ತು. ಒಂದೊಂದು ಇರುವೆಯ ಬಾಯಲ್ಲೂ ಒಂದು ಹುಲ್ಲಿನ ಬೀಜ, ಇಲ್ಲವೆ ಸಜ್ಜೆಯ ಕಾಳು. ಗೂಡಿನ ಬಾಯಿಯ ಸುತ್ತ ಹೊಟ್ಟು ಬಳೆಯ ಹಾಗೆ ಬಿದ್ದಿರುತ್ತಿತ್ತು. ಕಾಳನ್ನು ಒಳಗೆ ಸುಲಿದು ಸಿಪ್ಪೆಯನ್ನು ಹೊರಗೆ ತಂದು ಚೆಲ್ಲುವುದು ಅವುಗಳ ಪದ್ಧತಿ. ಮಳೆ ಬಿದ್ದು ಗೂಡಿಗೆ ತಂಪು ಇಳಿಯಿತೆಂದರೆ ಕಾಳನ್ನೆಲ್ಲ ಹೊರಗೆ ತಂದು ಬಿಸಿಲಿಗೆ ಹರಡಿ, ಒಣಗಿದ ಮೇಲೆ ಮತ್ತೆ ಒಳಗೆ ಸಾಗಿಸುತ್ತಿದ್ದವು. ನಮ್ಮ ಮನೆಯವರೂ ಹಗೇವಿನ ಬಾಯಿ ತೆಗೆದಾಗ ತೇವ ಹಿಡಿದ ಜೋಳವನ್ನು ಹೀಗೆಯೇ ಅಂಗಳಕ್ಕೆ ಹಾಕುತ್ತಿದ್ದರು. 1876-78ರ ದೊಡ್ಡ ಬರದಲ್ಲಿ ಹಸಿದವರು ಇರುವೆಯ ಗೂಡು ಅಗೆದು ಕಾಳು ತೆಗೆದು ಗಂಜಿ ಕಾಸಿದರೆಂದು ನನ್ನ ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಅದನ್ನು ಹೇಳಿದಾಗಲೆಲ್ಲ ಒಂದು ಚಿಟಿಕೆ ಸಕ್ಕರೆಯನ್ನು ಗೂಡಿನ ಬಾಯಿಗೆ ಹಾಕಿ ಬರುತ್ತಿದ್ದಳು. ಸಾಲ ತೀರಿಸಿದ ಹಾಗೆ ಎಂದುಕೊಳ್ಳಬೇಕು.

ಇರುವೆ ಕಾಳು ಕೂಡಿಡುತ್ತದೆಂಬುದನ್ನು ಯುರೋಪಿನ ಪಂಡಿತರು ಬಹುಕಾಲ ನಂಬಿರಲಿಲ್ಲ. ಪುರಾತನರು ಮರಿಗಳ ಕೋಶವನ್ನು ಕಂಡು ಕಾಳೆಂದು ಭ್ರಮಿಸಿದರು ಎಂದು ಅವರು ವಾದಿಸುತ್ತಿದ್ದರು. ಅವರ ದೇಶದ ಚಳಿಗೆ ಅಂಥ ಇರುವೆಗಳು ಇರಲಿಲ್ಲ, ಅಷ್ಟೆ. 1830ರ ದಶಕದಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯಲ್ಲಿ ತಾನು ಕಂಡ ಇರುವೆಗಳು ಹುಲ್ಲಿನ ಬೀಜವನ್ನು ಸಂಗ್ರಹಿಸಿ, ಮಳೆಯ ನಂತರ ಬಿಸಿಲಿಗೆ ಹರಡುತ್ತವೆಂದು ಬರೆದು ಪ್ರಕಟಿಸಿದ. ದಖನ್ನಿನ ಒಣ ನೆಲದಲ್ಲಿ ಎಮ್ಮೆ ಕಾಯುವ ಹುಡುಗನಿಗೂ ತಿಳಿದಿದ್ದ ಸಂಗತಿ ಹೀಗೆ ಶಾಸ್ತ್ರವಾಯಿತು.

ಈಗ ರಾಣಿಯ ವಿಷಯ. ಹೆಸರು ರಾಣಿಯಾದರೂ ಅವಳದು ಬಾಣಂತಿಕೋಣೆಯ ಬಾಳು. ಮೊದಲ ಮಳೆಗೆ ರೆಕ್ಕೆಯೊಡನೆ ಹೊರಬಿದ್ದು, ಗಂಡಿನೊಡನೆ ಕೂಡಿ, ನೆಲಕ್ಕಿಳಿದು ರೆಕ್ಕೆ ಕಳಚಿಕೊಂಡು ಬಿಲ ಸೇರಿದರೆ ಅಲ್ಲಿಂದ ಮುಂದೆ ಮೊಟ್ಟೆಯಿಡುವುದೇ ಕೆಲಸ. ಗಂಡುಗಳು ಕೂಡಿದ ಸ್ವಲ್ಪ ಕಾಲದಲ್ಲೇ ಸಾಯುತ್ತವೆ. ನಮಗೆ ಕಾಣುವ ದುಡಿಯುವ ಇರುವೆಗಳೆಲ್ಲ ಹೆಣ್ಣುಗಳೇ. ಯಾರು ಕಾಳಿಗೆ ಹೋಗಬೇಕು, ಯಾರು ಮರಿ ನೋಡಬೇಕು ಎಂದು ರಾಣಿ ಹೇಳುವುದಿಲ್ಲ, ಹೇಳಲಾರಳು. ಇಲ್ಲಿ ಒಂದು ಮಾತು: ಗೆದ್ದಲನ್ನೂ ಇರುವೆಯ ಜಾತಿಗೇ ಸೇರಿಸುವ ರೂಢಿ ನಮ್ಮಲ್ಲಿದೆ. ಹುತ್ತ ಕಟ್ಟುವ ಗೆದ್ದಲು ಜಿರಲೆಯ ಸಂಬಂಧಿ. ಇರುವೆ ಕಣಜದ, ಜೇನಿನ ಸಂಬಂಧಿ. ಸಂಘ ಕಟ್ಟುವುದನ್ನು ಎರಡೂ ಬೇರೆ ಬೇರೆಯಾಗಿ ಕಲಿತವು.

ಆಜ್ಞೆಯಿಲ್ಲದೆ ಕೆಲಸ ನಡೆಯುವುದು ಹೇಗೆ? ಅಮೆರಿಕದ ಡೆಬೋರಾ ಗಾರ್ಡನ್ ಎಂಬ ವಿಜ್ಞಾನಿ, ನಮ್ಮ ರೋಣದಂತೆಯೇ ಮಳೆ ಕಡಿಮೆಯಿರುವ ಅರಿಜೋನಾ ಪ್ರಾಂತದಲ್ಲಿ ಕಾಳು ಕೂಡಿಡುವ ಇರುವೆಗಳ ಗೂಡುಗಳನ್ನು ಹತ್ತಾರು ವರ್ಷ ಬಿಡದೆ ನೋಡಿದ್ದಾರೆ. ಗೂಡಿನ ಬಾಯಿಯ ಒಳಗೆ ಇರುವೆಗಳು ಕಾದು ನಿಂತಿರುತ್ತವೆ. ಹೊರಗೆ ಹೋದವು ಕಾಳು ಹೊತ್ತು ಹಿಂದಿರುಗುತ್ತವೆ. ಅವುಗಳ ಮೀಸೆಗೆ ಇವುಗಳ ಮೀಸೆ ತಗಲುತ್ತದೆ. ಹೀಗೆ ಬಂದವರ ಸ್ಪರ್ಶ ಬೇಗಬೇಗ ಆಗುತ್ತಿದ್ದರೆ ಕಾದವು ಹೊರಡುತ್ತವೆ, ತಡವಾದರೆ ಒಳಗೇ ಉಳಿಯುತ್ತವೆ. ಲೆಕ್ಕ ಇಷ್ಟೇ. ಬಿಸಿಲಿನಲ್ಲಿ ಹೊರಗೆ ತಿರುಗಿದರೆ ಮೈಯ ನೀರು ಆರುತ್ತದೆ. ಆದ್ದರಿಂದ ಕಾಳು ಸಿಗದ ದಿನ ವೃಥಾ ಓಡಾಡುವುದೇ ನಷ್ಟ. ಒಣ ದಿನಗಳಲ್ಲಿ ಓಡಾಟ ತಗ್ಗಿಸಿದ ಗೂಡುಗಳಿಗೆ ಹೆಚ್ಚು ಮರಿಗೂಡುಗಳಾದವು ಎಂದು 2013ರಲ್ಲಿ ಅವರು ಪ್ರಕಟಿಸಿದ್ದಾರೆ. ದುಡಿದೇ ದುಡಿಯುವುದು ಇರುವೆಯ ಗುಣವೆಂದು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವನು ನಾನು. ಇದನ್ನು ಓದಿದ ಮೇಲೆ ಹಳೆಯ ವಿದ್ಯಾರ್ಥಿಗಳ ಕ್ಷಮೆ ಕೇಳಬೇಕೆನ್ನಿಸಿತು.

ಮೈಗಳ್ಳತನದ ಲೆಕ್ಕವೂ ಆಗಿದೆ. ಅರಿಜೋನಾದವರೇ ಇನ್ನೊಂದು ಬಗೆಯ ಸಣ್ಣ ಇರುವೆಗೆ ಬಣ್ಣದ ಚುಕ್ಕೆ ಇಟ್ಟು ಗುರುತಿಸಿ ನೋಡಿದಾಗ, ಸುಮಾರು ನೂರಕ್ಕೆ ನಲವತ್ತು ಏನನ್ನೂ ಮಾಡದೆ ಸುಮ್ಮನೆ ಇದ್ದವು. ಚುರುಕಾಗಿ ದುಡಿಯುತ್ತಿದ್ದವನ್ನು ತೆಗೆದುಹಾಕಿದಾಗ ಈ ಸುಮ್ಮನಿದ್ದವುಗಳಲ್ಲಿ ಕೆಲವು ಎದ್ದು ಆ ಕೆಲಸಕ್ಕೆ ನಿಂತವು. ನಮ್ಮ ಸಂಘದ ಸದಸ್ಯರ ಪಟ್ಟಿಗೂ ಮಹಾಸಭೆಯ ಹಾಜರಾತಿಗೂ ಇರುವ ಅಂತರವನ್ನು ನೋಡಿದರೆ ನಾವು ಇರುವೆಗಳಿಗೆ ಏನೂ ಕಡಿಮೆಯಿಲ್ಲ. ಎದ್ದು ನಿಲ್ಲುವ ಭಾಗ ಮಾತ್ರ ಬಾಕಿಯಿದೆ.

ನಮ್ಮ ಮಲೆನಾಡಿನಲ್ಲೇ ಇನ್ನೊಂದು ವಿಚಿತ್ರವಿದೆ. ದೊಡ್ಡ ಕಣ್ಣಿನ, ಉದ್ದ ದವಡೆಯ, ಮುಟ್ಟಲು ಹೋದರೆ ಚಂಗನೆ ನೆಗೆಯುವ ಇರುವೆಯನ್ನು ಹಳುವಿನ ಅಂಚಿನಲ್ಲಿ ನೀವು ಕಂಡಿರಬಹುದು. ಇದರ ಗೂಡು ಮಳೆನೀರು ನುಗ್ಗದಂಥ ಕಟ್ಟಡ. ಒಳಗೋಡೆಗೆ ಕೋಶದ ಚೂರು, ಒಣಗಿದ ಎಲೆಯ ಚೂರುಗಳನ್ನು ಕಾಗದ ಅಂಟಿಸಿದಂತೆ ಹೊದಿಸಿರುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿದ್ದ ಇರುವೆ ತಜ್ಞ ಟಿ. ಎಂ. ಮುಷ್ತಾಕ್ ಅಲಿಯವರೂ ಸೇರಿ ನಾಲ್ವರು 1994ರಲ್ಲಿ ಇದನ್ನು ವಿವರವಾಗಿ ಬರೆದರು. ಈ ಇರುವೆಯ ರಾಣಿ ಸತ್ತರೆ ದುಡಿಯುವವುಗಳೇ ಮೀಸೆಯಿಂದ ಮೀಸೆಗೆ ಬಡಿದಾಡಿ, ಗೆದ್ದ ಕೆಲವು ಮೊಟ್ಟೆಯಿಡಲು ಕುಳಿತುಬಿಡುತ್ತವೆ. ಹಾಗೆ ಗದ್ದುಗೆಯೇರಿದವುಗಳ ಮೆದುಳು ಸುಮಾರು ಐದರಲ್ಲಿ ಒಂದು ಪಾಲು ಕುಗ್ಗುತ್ತದೆಂದೂ, ಗದ್ದುಗೆಯಿಂದ ಇಳಿಸಿದರೆ ಮತ್ತೆ ಬೆಳೆಯುತ್ತದೆಂದೂ 2021ರಲ್ಲಿ ಗೊತ್ತಾಗಿದೆ. ಇದು ಇರುವೆಯ ವಿಷಯ ಮಾತ್ರ, ನಿರ್ದೇಶಕ ಮಂಡಳಿಯ ಮಿತ್ರರು ಅನ್ಯಥಾ ಭಾವಿಸಬಾರದು.

ಇಷ್ಟು ಪೀಠಿಕೆಯಾಯಿತು. ಈಗ ತೋಟಕ್ಕೆ ಬರೋಣ.

ಕಾಫಿಯ ಹಿಟ್ಟು ತಿಗಣೆ, ಹಸಿರು ಶಲ್ಕಕೀಟ ಇವೆರಡರ ಕಾಟ ಯಾರಿಗೂ ಹೊಸದಲ್ಲ. ಇವು ಚಿಗುರು, ಗೊಂಚಲುಗಳ ರಸ ಹೀರಿ ಹಿಂದಿನಿಂದ ಸಿಹಿಯಾದ ಅಂಟನ್ನು ಬಿಡುತ್ತವೆ. ಅದಕ್ಕೆ ಇರುವೆ ಬರುತ್ತದೆ. ಬಂದದ್ದು ಸುಮ್ಮನೆ ನೆಕ್ಕಿಕೊಂಡು ಹೋದರೆ ತಕರಾರಿಲ್ಲ. ಆದರೆ ಅದು ಗೌಳಿಗನ ಹಾಗೆ ನಡೆದುಕೊಳ್ಳುತ್ತದೆ. ಮರಿಗಳನ್ನು ಹೊತ್ತು ಹೊಸ ಚಿಗುರಿಗೆ ಸಾಗಿಸುತ್ತದೆ. ಅಂಟು ಕೂಡಿ ಬೂಷ್ಟು ಬಂದು ತಿಗಣೆಗಳು ಉಸಿರುಗಟ್ಟದಂತೆ ಕೊಟ್ಟಿಗೆ ಶುಚಿಯಾಗಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತಿಗಣೆಯನ್ನು ತಿನ್ನಲು ಬರುವ ಗುಲಗಂಜಿ ಹುಳುವನ್ನೂ, ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಸಣ್ಣ ಕಣಜವನ್ನೂ ಕಡಿದು ಓಡಿಸುತ್ತದೆ.

ಈ ಗುಲಗಂಜಿ ಹುಳುವಿನ ಕಥೆ ನಮ್ಮ ಕಾಫಿಯೊಡನೆಯೇ ಹೆಣೆದುಕೊಂಡಿದೆ. ಆಸ್ಟ್ರೇಲಿಯಾದ ಕ್ರಿಪ್ಟೊಲೀಮಸ್ ಎಂಬ ಜಾತಿಯನ್ನು 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟದ ಮೇಲೆಂದೇ ಭಾರತಕ್ಕೆ ತಂದರು. ಅದಕ್ಕೆ ರುಚಿಸಿದ್ದು ಶಲ್ಕಕೀಟವಲ್ಲ, ಹಿಟ್ಟು ತಿಗಣೆ. ಇಲ್ಲಿಯೇ ನೆಲೆಸಿತು. 1983ರಲ್ಲಿ ವೆಸ್ಟ್ ಇಂಡೀಸಿನ ಟ್ರಿನಿಡಾಡಿನಿಂದ ಹಿಟ್ಟು ತಿಗಣೆಯನ್ನು ಕೊಲ್ಲುವ ಸಣ್ಣ ಕಣಜವೊಂದನ್ನೂ ತರಿಸಿ ಬಿಟ್ಟರು. ಇವೆರಡೂ ನಮ್ಮ ಖರ್ಚಿಲ್ಲದ ಆಳುಗಳು. ಒಂದು ಎಚ್ಚರಿಕೆ: ಈ ಗುಲಗಂಜಿಯ ಮರಿ ಮೈತುಂಬ ಬಿಳಿ ಮೇಣದ ಎಳೆ ಹೊತ್ತು, ನೋಡಿದವರಿಗೆ ದೊಡ್ಡ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ತಿಗಣೆಗಿಂತ ದೊಡ್ಡದಾಗಿದ್ದು ಚುರುಕಾಗಿ ನಡೆದಾಡಿದರೆ ಅದು ನಿಮ್ಮ ಆಳು. ಉಜ್ಜಿ ಹಾಕಬೇಡಿ. ಮೊದಮೊದಲು ನಾನು ಎಷ್ಟೋ ಉಜ್ಜಿ ಹಾಕಿದ್ದೇನೆ.

ಉಜ್ಜಿದ್ದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದ್ದೇನೆ. 1989ರ ಬೇಸಿಗೆಯಲ್ಲಿ ಹಿಟ್ಟು ತಿಗಣೆ ಕಂಡು ಗಾಬರಿಯಾಗಿ, ಅಂಗಡಿಯವನ ಮಾತು ಕೇಳಿ, ಇಡೀ ತೋಟಕ್ಕೆ ಬುಡದಿಂದ ತುದಿಯವರೆಗೆ ಬಿ.ಎಚ್.ಸಿ. ಪುಡಿ ಎರಚಿಸಿದೆ. ಇರುವೆ ಸತ್ತವು. ಜೇಡ, ಗುಲಗಂಜಿ, ಕಣಜ ಎಲ್ಲ ಸತ್ತವು. ಮೇಣದ ಹೊದಿಕೆಯೊಳಗೆ, ಬೇರಿನ ಸಂದಿಯಲ್ಲಿ ಅಡಗಿದ್ದ ತಿಗಣೆ ಉಳಿಯಿತು. ಮರುವರ್ಷ ಪಕ್ಕದ ತೋಟದಿಂದ ಇರುವೆ ಬಂತು, ಗುಲಗಂಜಿ ಬರಲಿಲ್ಲ. ರೊಬಸ್ಟಾ ಗೊಂಚಲುಗಳು ಸುಣ್ಣ ಬಳಿದ ಹಾಗೆ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಿ.ಎಚ್.ಸಿ.ಯನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು, ಒಳ್ಳೆಯದಾಯಿತು. ಆದರೆ ಎರಚುವ ಚಟ ಇನ್ನೂ ಹೋಗಿಲ್ಲ, ಡಬ್ಬಿಯ ಹೆಸರು ಬದಲಾಗಿದೆ ಅಷ್ಟೆ.

ನನ್ನ ಕಣ್ಣು ತೆರೆಸಿದ್ದು ಸಂಶೋಧನೆಯ ಪುಸ್ತಕವಲ್ಲ. ನಮ್ಮ ಕಡೆಗೆ ಕಾಫಿ ಕೊಯ್ಲಿಗೆ ರೋಣ, ಗಜೇಂದ್ರಗಡದ ಕಡೆಯವರು ಬರುವುದುಂಟು. ಹಿಂಗಾರಿ ಬಿತ್ತನೆ ಮುಗಿಸಿ ಬಂದು ಜೋಳದ ಸುಗ್ಗಿಗೆ ಹಿಂದಿರುಗುತ್ತಾರೆ. ನಾನು ಅವರ ಕಡೆಯವನೇ ಎಂದು ತಿಳಿದ ಮೇಲೆ ಮಾತಿಗೆ ಸಂಕೋಚವಿಲ್ಲ. ಆರೇಳು ವರ್ಷದ ಹಿಂದೆ ಗುಂಪಿನ ಹಿರಿಯಾಕೆಯೊಬ್ಬಳು, ನಾನು ಗಿಡಗಿಡಕ್ಕೂ ಬಗ್ಗಿ ಹಿಟ್ಟು ತಿಗಣೆ ಹುಡುಕುತ್ತಿದ್ದುದನ್ನು ಕಂಡು ನಕ್ಕಳು.

“ಮಾಸ್ತರ್ರಿ, ಗಿಡದ ಮ್ಯಾಲಿನ ಹಿಟ್ಟು ಏನ್ ನೋಡ್ತೀರಿ? ಇರುವಿ ಎಲ್ಲಿಂದ ಬರ್ತೈತಿ ಅದನ್ನ ನೋಡ್ರಿ. ಕಣದಾಗಿನ ಕಾಳು ಹೊತ್ತ ಇರುವಿ ಬೆನ್ನ ಹತ್ತಿದ್ರ ಗೂಡು ಸಿಗತೈತಿಲ್ಲೋ, ಹಂಗ.”

ಕೊಯ್ಲಿನ ಬುಟ್ಟಿ ಇಳಿಸಿ ತಾನೇ ಸಾಲು ಹಿಡಿದು ಹೊರಟಳು. ನಾನು ಹಿಂದೆ. ಸಾಲು ಕಾಫಿ ಗಿಡದಿಂದ ಇಳಿದು, ಬಿದ್ದ ಕೊಂಬೆಯೊಂದರ ಮೇಲೆ ಹಾದು, ಮೆಣಸಿನ ಬಳ್ಳಿಯ ಬುಡ ಸುತ್ತಿ, ಬೇಲಿಯ ಕಲ್ಲಿನ ಸಂದಿಯೊಳಗೆ ನುಸುಳಿ ಆಚೆಗೆ ಹೋಯಿತು. ಪಕ್ಕದವರ ನೆರಳು ಮರದ ಪೊಟರೆಯಲ್ಲಿ ಗೂಡು.

“ನೋಡ್ರಿ, ಗೂಡು ನಿಮ್ಮದ್ರಾಗ ಇಲ್ಲ. ನೀವು ಎಷ್ಟ್ ಪುಡಿ ಹಾಕಿದ್ರೂ ಅಷ್ಟ.”

ಮೂವತ್ತು ವರ್ಷದ ಕಾಫಿ ಬೇಸಾಯದಲ್ಲಿ ನಾನು ಬೇಲಿಯಾಚೆ ನೋಡಿರಲಿಲ್ಲ. ಅವಳಿಗೆ ಬೇಲಿಯ ಗೊಡವೆಯೇ ಇರಲಿಲ್ಲ, ಬಯಲು ಸೀಮೆಯವಳು.

ಇದಕ್ಕೇ ನಾನು ಹೇಳುವುದು: ಇರುವೆಯ ಹತೋಟಿ ಒಬ್ಬೊಬ್ಬರ ಸರ್ವೆ ನಂಬರಿನ ಕೆಲಸವಲ್ಲ. ಒಂದು ಹಳ್ಳದ ಎರಡು ಬದಿಯವರು, ಒಂದು ಬೇಲಿಯನ್ನು ಹಂಚಿಕೊಂಡವರು ಒಂದೇ ವಾರದಲ್ಲಿ ಕೂಡಿ ಮಾಡಬೇಕಾದದ್ದು. ಕೊಯ್ಲು ಮುಗಿದ ಕೂಡಲೆ, ಬೇಸಿಗೆಯಲ್ಲಿ ತಿಗಣೆ ಹೆಚ್ಚುವುದಕ್ಕೆ ಮೊದಲು. ಮಾಡಬೇಕಾದದ್ದೂ ಹೆಚ್ಚೇನಿಲ್ಲ. ಸಾಲು ಹಿಡಿದು ಗೂಡು ಗುರುತಿಸುವುದು, ನೆಲಕ್ಕೆ ತಾಗುವ ಮತ್ತು ಗಿಡದಿಂದ ಗಿಡಕ್ಕೆ ಸೇತುವೆಯಾಗುವ ರೆಕ್ಕೆಗಳನ್ನು ಕತ್ತರಿಸುವುದು, ಕಾಂಡಕ್ಕೆ ಅಂಟು ಪಟ್ಟಿ ಸುತ್ತುವುದು, ಔಷಧ ಬೇಕೇಬೇಕಾದರೆ ಗೂಡಿಗೂ ಬುಡಕ್ಕೂ ಮಾತ್ರ ಹಾಕುವುದು. ಎಲೆಯ ಮೇಲೆ ಬೇಡ. ಇರುವೆ ಇಳಿದ ಮೇಲೆಯೇ ಗುಲಗಂಜಿ ಹುಳು ತಂದು ಬಿಡಬೇಕು. ಮೊದಲೇ ಬಿಟ್ಟರೆ ದುಡ್ಡು ಹಾಳು.

ಇರುವೆಗಳ ಒಗ್ಗಟ್ಟನ್ನೇ ಅವುಗಳ ಮೇಲೆ ತಿರುಗಿಸುವ ಉಪಾಯವೊಂದಿದೆ. ಹೊರಗೆ ತಿಂದ ಇರುವೆ ತನ್ನ ಪಾಲನ್ನು ಮಾತ್ರ ಜೀರ್ಣಿಸಿಕೊಂಡು, ಉಳಿದದ್ದನ್ನು ಬೇರೊಂದು ಚೀಲದಲ್ಲಿಟ್ಟುಕೊಂಡು ಗೂಡಿಗೆ ಬಂದು ಬಾಯಿಂದ ಬಾಯಿಗೆ ಹಂಚುತ್ತದೆ. ಒಡನೆ ಕೊಲ್ಲುವ ವಿಷವಾದರೆ ತಂದವಳೇ ದಾರಿಯಲ್ಲಿ ಸಾಯುತ್ತಾಳೆ, ಗೂಡು ಉಳಿಯುತ್ತದೆ. ಸಕ್ಕರೆ ಪಾಕಕ್ಕೆ ನೂರಕ್ಕೆ ಒಂದು ಭಾಗದಷ್ಟೇ ಬೋರಾಕ್ಸ್ ಬೆರೆಸಿಟ್ಟರೆ ಅದು ನಿಧಾನವಾಗಿ ಮರಿಗಳವರೆಗೆ, ರಾಣಿಯವರೆಗೆ ತಲುಪುತ್ತದೆ. ಹೆಚ್ಚು ಹಾಕಿದರೆ ಕೆಟ್ಟಿತು. ಮಕ್ಕಳ, ದನಕರುಗಳ ಬಾಯಿಗೆ ಸಿಗದಂತೆ ಇಡಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮಾಡುವ ಮುಂಚೆ 1925ರಿಂದ ನಮ್ಮ ಬೆಳೆಗಾರರ ಸೇವೆಯಲ್ಲಿರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಒಂದು ಮಾತು ಕೇಳುವುದು ಮೇಲು.

ಹಾಗೆಂದು ಎಲ್ಲ ಇರುವೆಯನ್ನೂ ನಿರ್ಮೂಲ ಮಾಡಲು ಹೊರಡಬಾರದು. ಚಗಳಿಯನ್ನೇ ನೋಡಿ. ಹತ್ತಾರು ಚಗಳಿಗಳು ಒಂದರ ಸೊಂಟ ಒಂದು ಹಿಡಿದು ಸರಪಳಿಯಾಗಿ ಎರಡು ಎಲೆಗಳನ್ನು ಎಳೆದು ಕೂಡಿಸುತ್ತವೆ. ಇನ್ನು ಕೆಲವು ತಮ್ಮ ಮರಿಗಳನ್ನು ಬಾಯಲ್ಲಿ ಕಚ್ಚಿ ತಂದು, ಆ ಮರಿಯ ಬಾಯಿಂದ ಬರುವ ರೇಷ್ಮೆಯಿಂದ ಎಲೆಗೆ ಎಲೆ ಹೊಲಿಯುತ್ತವೆ. ಮರಿಯೇ ಲಾಳಿ. ಗಜೇಂದ್ರಗಡದ ನೇಕಾರರು ಕಂಡರೆ ಮೆಚ್ಚಿಯಾರು. ಹಲವು ಮರಗಳ ಮೇಲೆ ಹರಡಿದ ಹತ್ತಾರು ಗೂಡು ಒಂದೇ ಸಂಸಾರವಾಗಿರುವುದುಂಟು. ಚೀನದ ಕಿತ್ತಳೆ ತೋಟಗಳವರು ಸುಮಾರು 1700 ವರ್ಷಗಳ ಹಿಂದೆಯೇ ಈ ಇರುವೆಯ ಗೂಡುಗಳನ್ನು ಸಂತೆಯಲ್ಲಿ ಕೊಂಡು ತಂದು ಮರಕ್ಕೆ ಕಟ್ಟುತ್ತಿದ್ದರು, ಕೀಟಗಳನ್ನು ಹಿಡಿಯಲಿ ಎಂದು. ಮೆಕ್ಸಿಕೋದ ಕಾಫಿ ತೋಟಗಳಲ್ಲಿ ಶಲ್ಕಕೀಟ ಸಾಕುವ ಇರುವೆಯೇ ಕಾಯಿ ಕೊರಕವನ್ನು ತಗ್ಗಿಸುತ್ತದೆಂದು ಕಂಡಿದ್ದಾರೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಈಗ ನಮ್ಮೆಲ್ಲರ ನಿದ್ದೆ ಕೆಡಿಸಿರುವ ಕೊರಕ ಅದು. ಆದ್ದರಿಂದ ತಿಗಣೆ ಇರುವ ಗಿಡಕ್ಕೆ ಹತ್ತುವ ಸಾಲನ್ನು ಹಿಡಿಯಿರಿ, ಉಳಿದವನ್ನು ಅವುಗಳ ಪಾಡಿಗೆ ಬಿಡಿ.

ಆದರೆ ಚಗಳಿಯ ಚಟ್ನಿ ತಿನ್ನುವವರಿಗಿಂತ ಅದರಿಂದ ಕಚ್ಚಿಸಿಕೊಳ್ಳುವವರೇ ಹೆಚ್ಚು. ಅಡಿಕೆ ಕೊನೆ ತೆಗೆಯುವವರು ಮರದ ತುದಿಯಲ್ಲಿ ಕೈ ಬಿಡಲಾರದೆ ಕಚ್ಚಿಸಿಕೊಳ್ಳುತ್ತಾರೆ. ರೊಬಸ್ಟಾ ಕೊಯ್ಯುವ ಹೆಂಗಸರು ಮೊಣಕೈವರೆಗೆ ಬೂದಿ ಸವರಿಕೊಂಡು ಗಿಡದೊಳಗೆ ಕೈ ಹಾಕುವುದನ್ನು ನೋಡಿದ್ದೇನೆ. ಆ ಪಟ್ಟೆಯಲ್ಲಿ ಕೊಯ್ಲು ಕಡಿಮೆಯಾಯಿತೆಂದು ಕೂಲಿ ಮುರಿಯುವವರನ್ನೂ ನೋಡಿದ್ದೇನೆ. ಇದು ನ್ಯಾಯವಲ್ಲ. ಹಿಂದಿನ ಸಂಜೆ ಗೂಡಿರುವ ಕೊಂಬೆಗಳನ್ನು ಗುರುತು ಮಾಡಿ ತೆಗೆಸಿ, ಉದ್ದ ತೋಳಿನ ಅಂಗಿ ಕೊಟ್ಟು, ಚಗಳಿ ಇರುವ ಪಟ್ಟೆಗೆ ಕೆ.ಜಿ. ಲೆಕ್ಕ ಬಿಟ್ಟು ದಿನಗೂಲಿ ಕೊಡುವುದು ತೋಟದವನ ಕರ್ತವ್ಯ. ನಾನು ನಾಲ್ಕು ವರ್ಷದಿಂದ ಹಾಗೆ ಮಾಡಿದ್ದೇನೆ, ಮುಳುಗಿಹೋಗಿಲ್ಲ.

ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ರೋಣಕ್ಕೆ ನೆರೆಯ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕಟ್ಟಿದರು. ಸಾಲಕ್ಕಾಗಿ ಒಬ್ಬೊಬ್ಬನೇ ಸಾಹುಕಾರನ ಜಗಲಿ ಹತ್ತುವ ಬದಲು ಊರೇ ಕೂಡಿ ಒಂದು ಪೆಟ್ಟಿಗೆ ಇಟ್ಟುಕೊಳ್ಳೋಣ ಎಂಬುದು ಅದರ ತಿರುಳು. ನಮ್ಮ ಸಂಘ ಗೊಬ್ಬರ ತರಿಸುತ್ತದೆ, ಅಡಿಕೆ ಮಾರಿಸುತ್ತದೆ, ಸಾಲ ಕೊಡುತ್ತದೆ. ತೋಟದೊಳಗಿನ ಕೆಲಸಕ್ಕೆ ಬಂದರೆ ಮಾತ್ರ ನಾವು ಬೇಲಿಗೆ ಬೇಲಿ, ನೀನು ನಿನ್ನದು ನಾನು ನನ್ನದು.

ಹೀಗಾಗಿ ನಿರ್ದೇಶಕ ಮಂಡಳಿಗೆ ಒಂದು ಅರ್ಜಿ ಕೊಟ್ಟಿದ್ದೇನೆ. ಅಂಟು ಪಟ್ಟಿಯನ್ನೂ ಗುಲಗಂಜಿ ಹುಳುವನ್ನೂ ಸಂಘವೇ ಒಟ್ಟಾಗಿ ತರಿಸಬೇಕು. ಹಳ್ಳವಾರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದು ವಾರ ಗೊತ್ತುಮಾಡಬೇಕು. ಸಾಲು ಹಿಡಿದು ಗೂಡು ತೋರಿಸಿದವರು ಕೂಲಿಯವರಾದರೂ ಸರಿ, ಅವರಿಗೆ ಗೂಡಿಗೆ ಇಷ್ಟೆಂದು ಹಣ ಕೊಡಬೇಕು. ಯಾವ ತೋಟದಲ್ಲಿ ಏನಾಯಿತೆಂಬುದನ್ನು ಮಾಡಿದವರು ಬಂದು ಹೇಳಬೇಕು, ಕೆಟ್ಟದ್ದಾದರೂ ಹೇಳಬೇಕು. ನಾನು 1989ರಲ್ಲಿ ಕೆಟ್ಟದ್ದನ್ನು ಯಾರಿಗೂ ಹೇಳಲಿಲ್ಲ. ಮರುವರ್ಷ ನೆರೆಯ ಇಬ್ಬರು ಅದೇ ಅಂಗಡಿಯಿಂದ ಅದೇ ಪುಡಿ ತಂದರು.

ನಮ್ಮ ಹಳ್ಳದ ಬದಿಯಲ್ಲಿ ಎಂಟು ಮನೆ. ಏಳು ಜನ ಒಪ್ಪಿದ್ದಾರೆ. ಎಂಟನೆಯವರ ತೋಟದಲ್ಲಿಯೇ ಆ ಪೊಟರೆಯ ಮರ ಇದೆ. ಬರುವ ಭಾನುವಾರ ಕಾಫಿ ಕುಡಿಯಲು ಕರೆದಿದ್ದಾರೆ, ಹೋಗುತ್ತೇನೆ.